ಉತ್ತೇಜಕ ಮಾದಕ ವಸ್ತು: ನರಕೋಶವನ್ನು ಅರಿಶಿನ ಕಾಪಾಡುವುದೇ?

ಆಂಫೆಟಮೈನ್, ಮೆಥಾಂಫೆಟಮೈನ್ ಮುಂತಾದವು ಉತ್ತೇಜಕ ಮಾದಕ ವಸ್ತುಗಳು. ಇವುಗಳಿಂದ ನಿದ್ದೆ, ಹಸಿವು ಅಡಗಿ ಮೈಗೆ ಹುರುಪು ಬಂದಂತೆ ಅನಿಸುತ್ತದೆ. ಆದರೆ ಮಿದುಳಿನ ನರಕೋಶಗಳಿಗೆ, ಅದರಲ್ಲೂ ಮೆಥಾಂಫೆಟಮೈನ್, ವಿಷ. ಈ ಹಾನಿಯನ್ನು ತಡೆಯಬಹುದೇ ಎಂದು ವಿಜ್ಞಾನಿಗಳು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಪರೀಕ್ಷಿಸುತ್ತಾರೆ.

ಯಾವ ಕೋಶಗಳು?

ಬಲಿತ ನರಕೋಶಗಳು ಒಡೆದು ಎರಡಾಗಿ ಹೆಚ್ಚುವುದಿಲ್ಲ. ಆದ್ದರಿಂದ ನರಕೋಶವನ್ನು ಹೋಲುವ ಗೆಡ್ಡೆಯ ಕೋಶಗಳನ್ನು ಬಳಸಲಾಗುತ್ತದೆ. 'ಪಿಸಿ12' ಕೋಶಗಳನ್ನು 1976ರಲ್ಲಿ ಇಲಿಯ ಅಡ್ರಿನಲ್ ಗ್ರಂಥಿಯ ಗೆಡ್ಡೆಯಿಂದ ಪಡೆಯಲಾಯಿತು. 'ಎಸ್‌ಎಚ್-ಎಸ್‌ವೈ5ವೈ' ಕೋಶಗಳ ಮೂಲ ನಾಲ್ಕು ವರ್ಷದ ಹೆಣ್ಣುಮಗುವಿನ ಗೆಡ್ಡೆ. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರವು ಭಾರತದ ಪ್ರಯೋಗಾಲಯಗಳಿಗೆ ಇಂತಹ ಕೋಶಗಳನ್ನು ಒದಗಿಸುತ್ತದೆ.

ಹಾನಿ ಹೇಗೆ?

ನರಕೋಶದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಪುಟ್ಟ ಚೀಲಗಳಲ್ಲಿ ಭದ್ರವಾಗಿರುತ್ತದೆ. ಮೆಥಾಂಫೆಟಮೈನ್ ಒಳನುಗ್ಗಿ ಅದನ್ನು ಚೀಲದಿಂದ ಹೊರಗೆ ತಳ್ಳುತ್ತದೆ. ಹೊರಬಿದ್ದ ಡೋಪಮೈನ್ ಆಮ್ಲಜನಕದೊಂದಿಗೆ ಬೆರೆತು ಕೆಟ್ಟಾಗ ಹಾನಿಕರ ಕಣಗಳು ಹುಟ್ಟುತ್ತವೆ. ಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾಗಳು ಇದರಿಂದ ಹಾಳಾಗುತ್ತವೆ. ಗ್ಲುಟಾಥಯೋನ್ ಎಂಬ ಕಾವಲು ವಸ್ತು ಇರುವವರೆಗೆ ಕೋಶ ತಡೆದುಕೊಳ್ಳುತ್ತದೆ. ಅದು ಬರಿದಾದರೆ ಕೋಶ ಸಾಯುತ್ತದೆ.

ಪ್ರಯೋಗಗಳು ಹೇಳುವುದೇನು?

ಮೆಥಾಂಫೆಟಮೈನ್ ಹಾಕಿದ ಎಸ್‌ಎಚ್-ಎಸ್‌ವೈ5ವೈ ಕೋಶಗಳ ಸಾವನ್ನು ಮೆಲಟೋನಿನ್ ಹಾರ್ಮೋನ್ ತಗ್ಗಿಸುತ್ತದೆ ಎಂದು ಥಾಯ್ಲೆಂಡಿನ ಸಂಶೋಧಕರು 2009ರಲ್ಲಿ ತೋರಿಸಿದರು. ಅರಿಶಿನದಲ್ಲಿರುವ ಕರ್ಕ್ಯುಮಿನ್, ಗ್ಲುಟಾಥಯೋನ್ ಕುಗ್ಗಿದ ನರಕೋಶಗಳನ್ನು ರಕ್ಷಿಸುತ್ತದೆ ಎಂದು ಬೆಂಗಳೂರಿನ ನಿಮ್ಹಾನ್ಸ್ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಆದರೆ ಇದು ಪಾರ್ಕಿನ್ಸನ್ ಕಾಯಿಲೆ ಕುರಿತ ಅಧ್ಯಯನ. ಮಾದಕ ವಸ್ತುವಿನ ಪರೀಕ್ಷೆಯಲ್ಲ.

ಅರಿಶಿನ ಹಾಲು ಸಾಕೇ?

ಸಾಲದು. ಅರಿಶಿನ ನಮ್ಮ ಸೀಮೆಯ ಹೊಲಗಳಲ್ಲೇ ಬೆಳೆಯುವ ಬೆಳೆ, ಅಡುಗೆಗೆ ಒಳ್ಳೆಯದು. ಆದರೆ ತಟ್ಟೆಯಲ್ಲಿ ಕರ್ಕ್ಯುಮಿನ್ ನೇರವಾಗಿ ಕೋಶಕ್ಕೆ ತಾಗುತ್ತದೆ. ತಿಂದಾಗ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಮೆಲಟೋನಿನ್ ಮಾತ್ರೆಯೂ ಈ ವಿಷಕ್ಕೆ ಮದ್ದಲ್ಲ. ತಟ್ಟೆಯಲ್ಲಿ ಗೆದ್ದದ್ದೆಲ್ಲ ಮನುಷ್ಯರಲ್ಲಿ ಗೆಲ್ಲುವುದಿಲ್ಲ.

ನೆನಪಿಡಿ

* ತಿರುಪ್ಪೂರಿನ ಬನಿಯನ್ ಕಂಪನಿಯ ರಾತ್ರಿ ಪಾಳಿಯಾಗಲಿ, ಕೊಯಮತ್ತೂರಿನ ಕಾಲೇಜು ಹಾಸ್ಟೆಲ್ ಆಗಲಿ, ನಿದ್ದೆ ತಡೆಯಲು ಯಾರಾದರೂ ಕೊಟ್ಟ ಗುರುತಿಲ್ಲದ ಮಾತ್ರೆ, ಪುಡಿ ಮುಟ್ಟಬೇಡಿ.
* ಸೇವಿಸಿದವರಿಗೆ ಮೈ ಸುಡುವ ಜ್ವರ, ಎದೆನೋವು, ಫಿಟ್ಸ್ ಕಂಡರೆ ಮನೆಮದ್ದು ಮಾಡುತ್ತಾ ಕೂರದೆ 108ಕ್ಕೆ ಕರೆ ಮಾಡಿ.
* ಚಟ ಬಿಡಿಸಲು ರಾಷ್ಟ್ರೀಯ ಉಚಿತ ಸಹಾಯವಾಣಿ 14446. ಕೊಯಮತ್ತೂರು ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು.