ಚಂದ್ರನ ಛಾಯಾಚಿತ್ರ: ಒಂದು ದಾಖಲೆಯ ಇತಿಹಾಸ

೧

ಚಂದ್ರನ ಮುಖವನ್ನು ಮನುಷ್ಯನು ಎರಡು ಬಗೆಯಲ್ಲಿ ದಾಖಲೆ ಮಾಡಿಟ್ಟಿದ್ದಾನೆ. ದೂರದರ್ಶಕದಲ್ಲಿ ಕಂಡುದನ್ನು ಕೈಯಿಂದ ಬರೆದಿಡುವ ಪದ್ಧತಿ ೧೬೦೯ರಲ್ಲಿ ಆರಂಭವಾಯಿತು. ಬೆಳಕಿನಿಂದಲೇ ಚಿತ್ರವನ್ನು ಬರೆಯಿಸುವ ಪದ್ಧತಿ ಅದಾದ ಇನ್ನೂರಮೂವತ್ತು ವರ್ಷಗಳ ಮೇಲೆ ಬಂದಿತು. ಈ ಎರಡರಲ್ಲಿ ಯಾವುದನ್ನು ನಂಬಬೇಕು, ಎಷ್ಟರಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ಖಗೋಳಜ್ಞರನ್ನು ಬಹುವಾಗಿ ಕಾಡಿತು. ತೀರಿಹೋಯಿತೆಂದು ತಿಳಿದಿದ್ದ ಆ ಪ್ರಶ್ನೆ ನಮ್ಮ ಕಾಲದಲ್ಲಿ ಮತ್ತೆ ತಲೆಯೆತ್ತಿದೆ. ಹಗಲೆಲ್ಲ ಸಹಿಗಳನ್ನೂ ಲೆಕ್ಕದ ಪುಸ್ತಕಗಳನ್ನೂ ತಾಳೆ ನೋಡುತ್ತ, ರಜೆಯ ರಾತ್ರಿಗಳಲ್ಲಿ ಮುಂಬಯಿಯ ಮಹಡಿಯ ಮೇಲೆ ಕ್ಯಾಮರಾ ಹಿಡಿದು ನಿಲ್ಲುವ ನನ್ನಂಥವನಿಗೆ ಈ ಇತಿಹಾಸದಲ್ಲಿ ಆಸಕ್ತಿ ಹುಟ್ಟಿದುದು ಸಹಜವೇ ಆಗಿದೆ.

ಮೊದಲು ಈ ಕೆಲಸದ ಕಷ್ಟವೇನೆಂಬುದನ್ನು ತಿಳಿಯಬೇಕು. ಆಕಾಶದಲ್ಲಿ ಚಂದ್ರನ ಅಗಲ ಅರ್ಧ ಡಿಗ್ರಿ ಮಾತ್ರ. ಆದುದರಿಂದ ಮಸೂರವು ಮೂಡಿಸುವ ಚಂದ್ರಬಿಂಬದ ಅಡ್ಡಳತೆ ಆ ಮಸೂರದ ಸಂಗಮದೂರದ ನೂರಹತ್ತರಲ್ಲಿ ಒಂದು ಪಾಲಿನಷ್ಟಿರುತ್ತದೆ. ೫೦ ಮಿಲಿಮೀಟರ್ ಸಂಗಮದೂರದ ಸಾಮಾನ್ಯ ಮಸೂರದಲ್ಲಿ ಬಿಂಬವು ಅರ್ಧ ಮಿಲಿಮೀಟರನ್ನೂ ಮುಟ್ಟುವುದಿಲ್ಲ. ೫೦೦ ಮಿಲಿಮೀಟರಿನದರಲ್ಲಿ ನಾಲ್ಕೂವರೆ ಮಿಲಿಮೀಟರ್ ಆಗುತ್ತದೆ. ಬಿಂಬವನ್ನು ಹಿಗ್ಗಿಸಿದರೆ ಅದೇ ಬೆಳಕು ಹೆಚ್ಚು ಸ್ಥಳಕ್ಕೆ ಹರಡಿ ತೆಳುವಾಗುತ್ತದೆ. ತೆಳುವಾದ ಬೆಳಕಿಗೆ ಹೆಚ್ಚು ಕಾಲ ಬೇಕು. ಆದರೆ ಭೂಮಿ ತಿರುಗುವುದರಿಂದ ಚಂದ್ರನು ಸುಮಾರು ಎರಡು ನಿಮಿಷಗಳಲ್ಲಿ ತನ್ನ ಅಡ್ಡಳತೆಯಷ್ಟು ಸರಿದುಹೋಗುತ್ತಾನೆ. ಗಾತ್ರ, ಬೆಳಕು, ಚಲನೆ ಈ ಮೂರರ ನಡುವಣ ಹೊಂದಾಣಿಕೆಯೇ ಚಂದ್ರನ ಛಾಯಾಚಿತ್ರಣದ ಇತಿಹಾಸವೆಂದರೆ ತಪ್ಪಾಗಲಾರದು.

೨

೧೮೩೯ರಲ್ಲಿ ಫ್ರಾನ್ಸಿನ ದಾಗೇರನು ಕಂಡುಹಿಡಿದ ವಿಧಾನವನ್ನು ಲೋಕಕ್ಕೆ ಪರಿಚಯಿಸಿದ ಖಗೋಳಜ್ಞ ಅರಾಗೋ, ಇನ್ನು ಚಂದ್ರನ ನಕ್ಷೆಯನ್ನು ಬೆಳಕೇ ಬರೆದುಕೊಡಬಹುದೆಂದು ಆಶಿಸಿದನು. ಮರುವರ್ಷವೇ, ೧೮೪೦ರ ಮಾರ್ಚ್ ತಿಂಗಳಲ್ಲಿ, ನ್ಯೂಯಾರ್ಕಿನ ಜಾನ್ ವಿಲಿಯಂ ಡ್ರೇಪರನು ಬೆಳ್ಳಿಯ ಲೇಪವುಳ್ಳ ತಗಡನ್ನು ಇಪ್ಪತ್ತು ನಿಮಿಷ ಬೆಳಕಿಗೆ ಒಡ್ಡಿ ತೆಗೆದ ಚಂದ್ರನ ಚಿತ್ರವನ್ನು ಆ ನಗರದ ವಿದ್ವಾಂಸರ ಮುಂದಿಟ್ಟನು. ಬಳಿಕ ಹಾರ್ವರ್ಡ್ ವೇಧಶಾಲೆಯಲ್ಲಿ ಬಾಂಡ್ ಮತ್ತು ವ್ಹಿಪಲ್ ಎಂಬುವರು ೧೫ ಅಂಗುಲದ ದೊಡ್ಡ ದೂರದರ್ಶಕದ ಮೂಲಕ ತೆಗೆದ ಚಿತ್ರಗಳು ೧೮೫೧ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಪದಕವನ್ನು ಪಡೆದವು.

ಆ ಚಿತ್ರವನ್ನು ಕಂಡು ಬೆರಗಾದವರಲ್ಲಿ ವಾರೆನ್ ಡಿ ಲಾ ರೂ ಒಬ್ಬನು. ವೃತ್ತಿಯಿಂದ ಈತನು ಕಾಗದ ಮತ್ತು ಮುದ್ರಣದ ವ್ಯಾಪಾರಿ. ೧೮೫೫ರಿಂದ ಭಾರತದ ಅಂಚೆಚೀಟಿಗಳನ್ನು ಅಚ್ಚುಹಾಕಿದ್ದು ಈತನ ಮನೆತನದ ಸಂಸ್ಥೆಯೇ. ಮುಂದೆ ಬ್ಯಾಂಕ್ ನೋಟುಗಳ ಮುದ್ರಣದಲ್ಲಿಯೂ ಅದು ಹೆಸರಾಯಿತು. ಖೋಟಾ ಮಾಡಲಾಗದ ಕಾಗದವನ್ನು ಅಚ್ಚುಹಾಕುವ ಮನೆತನದವನೊಬ್ಬನು ತಿದ್ದಲಾಗದ ಚಂದ್ರಬಿಂಬದ ಬೆನ್ನುಹತ್ತಿದುದು ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ೧೮೫೨ರಲ್ಲಿ, ತಾನೇ ಸಿದ್ಧಪಡಿಸಿದ ೧೩ ಅಂಗುಲದ ದರ್ಪಣದ ದೂರದರ್ಶಕದಿಂದಲೂ ಆಗತಾನೆ ಬಳಕೆಗೆ ಬಂದಿದ್ದ ಒದ್ದೆ ಕೊಲೋಡಿಯನ್ ಗಾಜಿನ ಫಲಕಗಳಿಂದಲೂ ಅವನು ಕೆಲಸಕ್ಕೆ ತೊಡಗಿದನು. ಇಪ್ಪತ್ತು ನಿಮಿಷಗಳ ಕೆಲಸ ಕೆಲವೇ ಸೆಕೆಂಡುಗಳಿಗೆ ಇಳಿಯಿತು. ಆದರೆ ಚಂದ್ರನನ್ನು ಹಿಂಬಾಲಿಸುವ ಯಂತ್ರವಿರಲಿಲ್ಲ. ಫಲಕವನ್ನು ಕೈಯಿಂದಲೇ ಸರಿಸುತ್ತಿರಬೇಕಾಗಿತ್ತು. ಈ ಶ್ರಮಕ್ಕೆ ಸೋತು ಕೆಲಸವನ್ನು ನಿಲ್ಲಿಸಿ, ೧೮೫೭ರಲ್ಲಿ ಗಡಿಯಾರದಂಥ ಯಂತ್ರವನ್ನು ಜೋಡಿಸಿಕೊಂಡು ಮತ್ತೆ ಆರಂಭಿಸಿದನು.

೩

ಛಾಯಾಚಿತ್ರದ ಅಗತ್ಯವನ್ನು ಎಲ್ಲರ ಮನಸ್ಸಿಗೂ ತಂದ ಪ್ರಸಂಗ ೧೮೬೬ರಲ್ಲಿ ನಡೆಯಿತು. ಚಂದ್ರನ ‘ಪ್ರಶಾಂತಿಯ ಸಮುದ್ರ’ವೆಂಬ ಬಯಲಿನಲ್ಲಿ ಲಿನ್ನೆ ಎಂಬ ಆಳವಾದ ಕುಳಿಯಿದೆಯೆಂದು ಲೋರ್ಮನ್, ಬೇರ್ ಮತ್ತು ಮ್ಯಾಡ್ಲರ್ ಎಂಬ ನಕ್ಷೆಗಾರರು ಹಿಂದೆ ಗುರುತಿಸಿದ್ದರು. ಆ ವರ್ಷ ಅಥೆನ್ಸಿನ ವೇಧಶಾಲೆಯ ಯೂಲಿಯುಸ್ ಶ್ಮಿಟ್, ಕುಳಿ ಕಾಣದಾಗಿದೆ, ಅಲ್ಲಿರುವುದು ಬಿಳಿಯ ಮಚ್ಚೆ ಮಾತ್ರ ಎಂದು ಸಾರಿದನು. ಶ್ಮಿಟ್ ಸಾಮಾನ್ಯ ವೀಕ್ಷಕನಲ್ಲ. ೧೮೭೮ರಲ್ಲಿ ಅವನು ಪ್ರಕಟಿಸಿದ ನಕ್ಷೆಯಲ್ಲಿ ೩೨,೮೫೬ ಕುಳಿಗಳಿವೆ. ಅಂಥವನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಹಿಂದಿನವರು ತಪ್ಪಿದರೆನ್ನಲೂ ಆಧಾರವಿರಲಿಲ್ಲ. ವ್ಯಾಜ್ಯದಲ್ಲಿ ಇದ್ದವರೆಲ್ಲರೂ ಪ್ರಾಮಾಣಿಕರೇ. ಆದರೆ ಪ್ರತಿಯೊಂದು ದಾಖಲೆಯೂ ಒಂದೊಂದು ಕಣ್ಣಿನ ನೆನಪಾಗಿತ್ತೇ ಹೊರತು, ಪಕ್ಕಪಕ್ಕದಲ್ಲಿಟ್ಟು ಅಳೆಯಬಲ್ಲ ವಸ್ತುವಾಗಿರಲಿಲ್ಲ. ಅಂದಿನ ಛಾಯಾಚಿತ್ರಗಳೋ, ಅಷ್ಟು ಸೂಕ್ಷ್ಮ ವಿವರವನ್ನು ತೋರಿಸಲು ಅಸಮರ್ಥವಾಗಿದ್ದವು.

ನಿಜಸ್ಥಿತಿಯನ್ನು ಇಂದು ನಾವು ಬಲ್ಲೆವು. ೧೯೭೧ರಲ್ಲಿ ಅಪೋಲೋ–೧೫ ನೌಕೆಯಿಂದ ತೆಗೆದ ಚಿತ್ರಗಳಲ್ಲಿ ಲಿನ್ನೆ ಸ್ಪಷ್ಟವಾಗಿದೆ: ಸುಮಾರು ೨.೨ ಕಿಲೋಮೀಟರ್ ಅಗಲದ ಚಿಕ್ಕ ಕುಳಿ, ಸುತ್ತಲೂ ಸಿಡಿದು ಹರಡಿದ ಬಿಳಿಯ ಪುಡಿ. ಸೂರ್ಯ ಓರೆಯಾಗಿದ್ದಾಗ ನೆರಳು ಎದ್ದು ಕುಳಿಯ ಭಾಸವಾಗುತ್ತದೆ. ಮೇಲೇರಿದಾಗ ಬಿಳುಪೊಂದೇ ಉಳಿಯುತ್ತದೆ. ಚಂದ್ರನಲ್ಲಿ ಯಾವ ಬದಲಾವಣೆಯೂ ಆಗಿರಲಿಲ್ಲ. ಬದಲಾದುದು ಬೆಳಕಿನ ಕೋನ. ಹುಣ್ಣಿಮೆಯ ಚಂದ್ರನಿಗಿಂತ ಅಷ್ಟಮಿಯ ಚಂದ್ರನ ಚಿತ್ರದಲ್ಲಿ ಹೆಚ್ಚು ವಿವರವಿರುವುದೂ ಇದೇ ಕಾರಣದಿಂದ.

೪

ಛಾಯಾಚಿತ್ರವೂ ನಿಷ್ಪಕ್ಷಪಾತಿಯಾದ ಸಾಕ್ಷಿಯಾಗಲು ಬಹಳ ಹೆಣಗಬೇಕಾಯಿತು. ಅಂದಿನ ಫಲಕಗಳು ನೀಲಿ ಮತ್ತು ನೇರಿಳೆ ಕಿರಣಗಳನ್ನು ಮಾತ್ರ ಚೆನ್ನಾಗಿ ಗ್ರಹಿಸುತ್ತಿದ್ದವು. ಕಣ್ಣಿಗೆ ಸ್ಫುಟವಾಗಿ ಕಂಡ ಬಿಂಬ ಫಲಕದ ಮೇಲೆ ಮಸುಕಾಗುತ್ತಿತ್ತು. ನ್ಯೂಯಾರ್ಕಿನ ರುದರ್‌ಫರ್ಡ್ ೧೮೬೪ರಲ್ಲಿ ಫಲಕದ ಕಿರಣಗಳಿಗೇ ಹೊಂದಿಸಿದ ೧೧¼ ಅಂಗುಲದ ಮಸೂರವನ್ನು ಮಾಡಿಸಿದನು. ಅದರಿಂದ ನೋಡುವಂತಿರಲಿಲ್ಲ, ಚಿತ್ರ ತೆಗೆಯಲು ಮಾತ್ರ ಬರುತ್ತಿತ್ತು. ಮರುವರ್ಷ ಅದರಿಂದ ಪಡೆದ ಚಂದ್ರನ ಚಿತ್ರ ಆ ಕಾಲಕ್ಕೆ ಅತ್ಯುತ್ತಮವೆನಿಸಿತು. ಪ್ಯಾರಿಸ್ ವೇಧಶಾಲೆಯಲ್ಲಿ ಲೋವೀ ಮತ್ತು ಪ್ಯುಯಿಸೋ ೧೮೯೬ರಿಂದ ೧೯೧೦ರವರೆಗೆ ಹೊರತಂದ ಚಂದ್ರನ ಛಾಯಾಚಿತ್ರ ಸಂಪುಟದೊಡನೆ ಅರಾಗೋನ ಆಶೆ ಕೈಗೂಡಿತು. ಅವರ ದೂರದರ್ಶಕದ ಸಂಗಮದೂರ ೧೮ ಮೀಟರ್.

ಹದಿನೆಂಟು ಮೀಟರಿನ ಕೊಳವೆ ಎಲ್ಲರಿಗೂ ದೊರೆಯತಕ್ಕದ್ದಲ್ಲ. ಮುಂದೆ ಪೀನಮಸೂರ, ಹಿಂದೆ ನಿಮ್ನಮಸೂರ ಇಟ್ಟರೆ ಕಿರಣಗಳು ನಿಧಾನವಾಗಿ ಕೂಡಿ, ಕೊಳವೆ ಗಿಡ್ಡವಾಗಿದ್ದರೂ ಬಿಂಬ ದೊಡ್ಡದಾಗುವುದೆಂದು ಕೆಪ್ಲರನು ೧೬೧೧ರಲ್ಲಿಯೇ ವಿವರಿಸಿದ್ದನು. ೧೮೯೧ರಲ್ಲಿ ಇಂಗ್ಲೆಂಡಿನ ಡಾಲ್‌ಮೇಯರ್, ಜರ್ಮನಿಯ ಸ್ಟೈನ್‌ಹೈಲ್ ಮತ್ತು ಮೀಥೆ ಈ ಮೂವರೂ ಸ್ವತಂತ್ರವಾಗಿ ಈ ತತ್ತ್ವವನ್ನು ಕ್ಯಾಮರಾಕ್ಕೆ ಅಳವಡಿಸಿದರು. ಇದೇ ಟೆಲಿಫೋಟೋ ಮಸೂರ. ಮುಂದೆ ದೀರ್ಘ ಸಂಗಮದೂರದ ಮಸೂರಗಳು ಚಂದ್ರನ ಬಳಿಗೇ ಹೋದವು. ೧೯೫೯ರ ಅಕ್ಟೋಬರ್ ೭ರಂದು ಸೋವಿಯತ್ ದೇಶದ ಲೂನಾ–೩, ೨೦೦ ಮತ್ತು ೫೦೦ ಮಿಲಿಮೀಟರಿನ ಮಸೂರಗಳಿಂದ ಚಂದ್ರನ ಬೆನ್ನನ್ನು ಮೊದಲ ಬಾರಿಗೆ ಚಿತ್ರಿಸಿತು. ೧೯೬೬–೬೭ರ ಅಮೆರಿಕದ ಐದು ಲೂನಾರ್ ಆರ್ಬಿಟರ್ ನೌಕೆಗಳಲ್ಲಿ ೬೧೦ ಮಿಲಿಮೀಟರಿನ ಮಸೂರವಿತ್ತು. ಆ ಚಿತ್ರಗಳನ್ನು ಪಟ್ಟಿಪಟ್ಟಿಯಾಗಿ ರೇಡಿಯೋ ಮೂಲಕ ಪಡೆದು ಜೋಡಿಸಿದ ಗೆರೆಗಳು ಅವುಗಳಲ್ಲಿ ಇಂದಿಗೂ ಕಾಣುತ್ತವೆ. ೨೦೧೯ರಲ್ಲಿ ಚಂದ್ರನ ಕಕ್ಷೆಯನ್ನು ಸೇರಿದ ನಮ್ಮ ಚಂದ್ರಯಾನ–೨ ನೌಕೆಯ ಕ್ಯಾಮರಾ ನೂರು ಕಿಲೋಮೀಟರ್ ಎತ್ತರದಿಂದ ಮೂವತ್ತು ಸೆಂಟಿಮೀಟರಿನಷ್ಟು ಸಣ್ಣ ವಿವರವನ್ನು ಹಿಡಿಯಬಲ್ಲುದು. ಅದರ ಸಂದೇಶಗಳು ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿ ಬಂದಿಳಿಯುತ್ತವೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ.

೫

ಇಷ್ಟಾದ ಮೇಲೆ ೨೦೨೩ರ ಮಾರ್ಚಿಯಲ್ಲಿ ನಡೆದುದನ್ನು ಹೇಳಬೇಕು. ಒಬ್ಬರು ಚಂದ್ರನ ಚಿತ್ರವೊಂದನ್ನು ಬೇಕೆಂದೇ ಮಸುಕುಮಾಡಿ, ಕಂಪ್ಯೂಟರಿನ ಪರದೆಯ ಮೇಲಿಟ್ಟು, ಕತ್ತಲೆ ಕೋಣೆಯಲ್ಲಿ ದೂರ ನಿಂತು ಮೊಬೈಲ್ ಫೋನಿನಿಂದ ಚಿತ್ರ ತೆಗೆದರು. ಪರದೆಯ ಮೇಲಿಲ್ಲದ ಕುಳಿಗಳು ಫೋನಿನ ಚಿತ್ರದಲ್ಲಿ ಮೂಡಿದವು! ಫೋನು ಚಂದ್ರನನ್ನು ಗುರುತಿಸಿ, ಬೇರೆ ಚಿತ್ರಗಳಿಂದ ಕಲಿತುದನ್ನು ಆಧರಿಸಿ ವಿವರವನ್ನು ತಿದ್ದುತ್ತದೆಂದು ತಯಾರಕರೇ ವಿವರಣೆ ಕೊಟ್ಟರು. ಶ್ಮಿಟ್ಟನ ಕಾಲದಲ್ಲಿ ಚಿತ್ರಕಾರನ ಕೈ ಎಲ್ಲರಿಗೂ ಕಾಣುತ್ತಿತ್ತು, ಅದನ್ನು ಪ್ರಶ್ನಿಸಬಹುದಾಗಿತ್ತು. ಇಲ್ಲಿ ಕೈ ಮರೆಯಲ್ಲಿದೆ, ಹೆಸರು ಮಾತ್ರ ಛಾಯಾಚಿತ್ರದ್ದು. ನಾಳೆ ಚಂದ್ರನ ಮೇಲೆ ನಿಜವಾಗಿಯೇ ಹೊಸ ಗುರುತೊಂದು ಮೂಡಿದರೆ ಇಂಥ ಯಂತ್ರ ಹಳೆಯ ಚಂದ್ರನನ್ನೇ ತೋರಿಸಬಹುದಲ್ಲವೆ?

ಸುಂದರಗೊಳಿಸುವುದು ಅಪರಾಧವೆಂದು ನನ್ನ ವಾದವಲ್ಲ. ಆದರೆ ತಿದ್ದಿದ ಕಡೆ ತಿದ್ದಿದವನ ಸಹಿಯಿರಬೇಕೆಂಬುದು ನಮ್ಮ ಲೆಕ್ಕದ ಪುಸ್ತಕಗಳ ಹಳೆಯ ನಿಯಮ. ಚಂದ್ರನ ಚಿತ್ರಕ್ಕೂ ಅದು ಸಲ್ಲತಕ್ಕದ್ದು. ನನ್ನ ೫೦೦ ಮಿಲಿಮೀಟರಿನ ಮಸೂರದಿಂದ ದೊರೆತ ಚಂದ್ರ ತುಸು ಮಸುಕಾಗಿಯೇ ಇದ್ದಾನೆ. ಮುಂಬಯಿಯ ಗಾಳಿಯ ಧೂಳೂ ತೇವವೂ ಅದರಲ್ಲಿ ಸೇರಿವೆ. ಅದರ ಬೆನ್ನಿಗೆ ದಿನ, ಗಂಟೆ, ಮಸೂರ, ಬೆಳಕಿಗೆ ಒಡ್ಡಿದ ಕಾಲ ಇವನ್ನು ಬರೆದಿಟ್ಟಿದ್ದೇನೆ. ಮುಂದೆ ಯಾರಾದರೂ ತಾಳೆ ನೋಡಬೇಕೆಂದರೆ ಅಷ್ಟು ಸಾಕು.