ಉನ್ಮಾದದ ಚಿತ್ರವೇ, ಆಕ್ರಮಣದ ಚಿತ್ರವೇ? ಬೈಪೋಲಾರ್ ಕಾಯಿಲೆಯ ಮೆದುಳು ಚಿತ್ರಣ ಕುರಿತ ಒಂದು ವಿಮರ್ಶೆ

ಆಕ್ರಮಣಶೀಲತೆಯಲ್ಲಿ ಎರಡು ಬಗೆ: ಲಾಭಕ್ಕಾಗಿ ಹೊಂಚುಹಾಕಿ ನಡೆಸುವುದು ಒಂದು, ಕೆರಳಿದ ಕ್ಷಣದಲ್ಲಿ ಸಿಡಿಯುವುದು ಇನ್ನೊಂದು. ಬೈಪೋಲಾರ್ ಕಾಯಿಲೆಯ ಚರ್ಚೆಯಲ್ಲಿ ಹೆಚ್ಚಾಗಿ ಬರುವುದು ಎರಡನೆಯದು. ಅದಕ್ಕೆ ಕೊಡುವ ವಿವರಣೆ ಈಗ ಸಾಕಷ್ಟು ರೂಢವಾಗಿದೆ. ಬೆದರಿಕೆಗೆ ಸ್ಪಂದಿಸುವ ಮೆದುಳಿನ ಭಾಗವಾದ ಅಮಿಗ್ಡಲಾ ಮಿತಿಮೀರಿ ಪ್ರತಿಕ್ರಿಯಿಸುತ್ತದೆ. ಅದನ್ನು ಹತೋಟಿಯಲ್ಲಿಡಬೇಕಾದ, ಹಣೆಯ ಹಿಂದಿನ ಆರ್ಬಿಟೊಫ್ರಾಂಟಲ್ ಕಾರ್ಟೆಕ್ಸ್ ಸೋಲುತ್ತದೆ. ರಿಚರ್ಡ್ ಡೇವಿಡ್ಸನ್ ಮತ್ತು ಸಂಗಡಿಗರು 2000ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಹಿಂಸೆಯ ಪೂರ್ವಪೀಠಿಕೆಯೆಂದು ಮಂಡಿಸಿದ್ದು ಹೆಚ್ಚುಕಡಿಮೆ ಇದನ್ನೇ.

ಈ ಮಾದರಿಯ ಗಟ್ಟಿ ಆಧಾರಗಳಲ್ಲೊಂದು ಎಮಿಲ್ ಕೊಕ್ಕಾರೊ ತಂಡದ 2007ರ, ಮೆದುಳಿನ ಚಟುವಟಿಕೆಯನ್ನು ಚಿತ್ರಿಸುವ ಎಫ್‌ಎಂಆರ್‌ಐ ಅಧ್ಯಯನ. ಸಿಟ್ಟಿನ ಮುಖಗಳನ್ನು ತೋರಿಸಿದಾಗ ಅಮಿಗ್ಡಲಾದ ಪ್ರತಿಕ್ರಿಯೆ ಹೆಚ್ಚಾಗಿಯೂ ಆರ್ಬಿಟೊಫ್ರಾಂಟಲ್ ಚಟುವಟಿಕೆ ಕಡಿಮೆಯಾಗಿಯೂ ಕಂಡಿತು. ಆದರೆ ಅಲ್ಲಿದ್ದವರು ಬೈಪೋಲಾರ್ ರೋಗಿಗಳಾಗಿರಲಿಲ್ಲ, ಆಗಾಗ ಸಿಟ್ಟು ಸ್ಫೋಟಿಸುವ ಬೇರೊಂದು ಕಾಯಿಲೆಯ ಹತ್ತು ಮಂದಿ. ಲೋರಿ ಆಲ್ಟ್‌ಶುಲರ್ ತಂಡದ 2005ರ ಎರಡು ಅಧ್ಯಯನಗಳದು ಇದರ ತಿರುವುಮುರುವು. ಉನ್ಮಾದದ ಸ್ಥಿತಿಯಲ್ಲಿದ್ದ ಬೈಪೋಲಾರ್ ರೋಗಿಗಳಲ್ಲಿ ಅಮಿಗ್ಡಲಾದ ಏರಿಕೆ, ಆರ್ಬಿಟೊಫ್ರಾಂಟಲ್ ಇಳಿಕೆ ಎರಡೂ ಕಂಡವು. ಆದರೆ ಅವರನ್ನು ಆರಿಸಿದ್ದು ಉನ್ಮಾದವಿದೆಯೆಂದು, ಆಕ್ರಮಣಶೀಲರೆಂದಲ್ಲ. ಒಂದು ಕಡೆ ಆಕ್ರಮಣ, ಇನ್ನೊಂದು ಕಡೆ ಉನ್ಮಾದ. ಇವೆರಡನ್ನೂ ಜೋಡಿಸಿರುವುದು ದತ್ತಾಂಶವಲ್ಲ, ನಮ್ಮ ಊಹೆ.

ಅಳೆಯುವ ವಿಧಾನದಲ್ಲೂ ತೊಡಕಿದೆ. ಸಿಟ್ಟಿನ ಮುಖ ನೋಡುವುದೂ ಸಿಟ್ಟಿಗೇಳುವುದೂ ಒಂದಲ್ಲ. ಗುಂಡಿ ಒತ್ತದೆ ಕೈ ತಡೆಯುವ ಪರೀಕ್ಷೆ ಚಲನೆಯ ನಿಗ್ರಹವನ್ನು ಅಳೆಯುತ್ತದೆ, ಬೈಗುಳ ಕೇಳಿದಾಗಿನ ನಿಗ್ರಹವನ್ನಲ್ಲ. ಕಾಣದ ಎದುರಾಳಿಯೊಬ್ಬ ಅಂಕ ಕಸಿದು ಕೆರಳಿಸುವ ಆಟಗಳು ವಿಷಯಕ್ಕೆ ಹೆಚ್ಚು ಹತ್ತಿರ. ಇದಲ್ಲದೆ, ಸ್ಕ್ಯಾನರ್‌ನೊಳಗೆ ತಲೆ ಅಲುಗಿಸದೆ ಮಲಗಬೇಕು. ತೀವ್ರ ಉದ್ರೇಕದಲ್ಲಿರುವವರು ಹಾಗೆ ಮಲಗಲಾರರು. ಹೀಗಾಗಿ ಯಾರ ವರ್ತನೆಯನ್ನು ವಿವರಿಸಬೇಕೋ ಅವರೇ ಮಾದರಿಯಿಂದ ಜಾರಿಹೋಗುತ್ತಾರೆ.

ಔಷಧದ ಪ್ರಭಾವವೂ ಸಣ್ಣದಲ್ಲ. 2,447 ಬೈಪೋಲಾರ್ ರೋಗಿಗಳನ್ನು 4,056 ಆರೋಗ್ಯವಂತರೊಂದಿಗೆ ಹೋಲಿಸಿದ ಎನಿಗ್ಮಾ ಎಂಬ ಮೆದುಳು ಚಿತ್ರಣ ಸಂಶೋಧಕರ ಒಕ್ಕೂಟದ 2018ರ ವಿಶ್ಲೇಷಣೆಯಲ್ಲಿ ರೋಗಿಗಳ ಕಾರ್ಟೆಕ್ಸ್ ಹಣೆಯ ಭಾಗವೂ ಸೇರಿದಂತೆ ಹಲವೆಡೆ ತೆಳುವಾಗಿತ್ತು. ಲಿಥಿಯಂ ಸೇವಿಸುತ್ತಿದ್ದವರಲ್ಲಿ ಆ ತೆಳುವು ಕಡಿಮೆ.

ಕಾಯಿಲೆಯೇ ಹಿಂಸೆಗೆ ಕಾರಣವೆಂಬ ನಂಬಿಕೆಯನ್ನು ಸೀನಾ ಫಾಜೆಲ್ ಮತ್ತಿತರರ 2010ರ ಸ್ವೀಡನ್ ಅಧ್ಯಯನ ಸಾಕಷ್ಟು ಅಲುಗಿಸಿತು. ಮದ್ಯ, ಮಾದಕವಸ್ತುಗಳ ದುರ್ಬಳಕೆ ಜೊತೆಗಿದ್ದವರಲ್ಲಿ ಹಿಂಸಾಪರಾಧದ ಸಂಭವ ಸುಮಾರು ಆರು ಪಟ್ಟು ಹೆಚ್ಚಿತ್ತು. ಅದಿಲ್ಲದವರಲ್ಲಿ ಸಾಮಾನ್ಯ ಜನರಿಗಿಂತ ಅಲ್ಪವೇ ಹೆಚ್ಚು. ವ್ಯಸನವನ್ನು ಪ್ರತ್ಯೇಕಿಸದ ಚಿತ್ರಣ ಅಧ್ಯಯನದಲ್ಲಿ ಕಂಡ ವ್ಯತ್ಯಾಸ ಯಾವುದರದೆಂದು ಹೇಳುವುದು ಹೇಗೆ? ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ಲೋಪ ಇದೇ, ಯಂತ್ರದ ಶಕ್ತಿಯ ಕೊರತೆಯಲ್ಲ.

ಬೇಕಿರುವುದು ಬೈಪೋಲಾರ್ ರೋಗಿಗಳೊಳಗಿನ ಹೋಲಿಕೆ: ಆಕ್ರಮಣದ ಇತಿಹಾಸ ಇರುವವರು ಮತ್ತು ಇಲ್ಲದವರು, ಔಷಧ ಮತ್ತು ವ್ಯಸನದ ದೃಷ್ಟಿಯಿಂದ ಸರಿಸಾಟಿಯಾದವರು. ಮನಸ್ಸು ಸಮಸ್ಥಿತಿಯಲ್ಲಿರುವಾಗ ಒಮ್ಮೆ, ಸೌಮ್ಯ ಉನ್ಮಾದದಲ್ಲಿ ಮತ್ತೊಮ್ಮೆ ಅದೇ ವ್ಯಕ್ತಿಗಳನ್ನು ಚಿತ್ರಿಸಬೇಕು. ಸಮಸ್ಥಿತಿಯಲ್ಲೂ ಎರಡು ಗುಂಪುಗಳ ಅಂತರ ಉಳಿದರೆ ಅದು ವ್ಯಕ್ತಿಯ ಸ್ಥಾಯಿ ಗುಣವೆನ್ನಬಹುದು. ಅಳಿದರೆ, ಚಿತ್ರದಲ್ಲಿ ಕಂಡದ್ದು ಉನ್ಮಾದದ ಗುರುತು ಮಾತ್ರ.