ಜಬರಿ, ಅಹ್ಮದ್
ಜಬರಿ, ಅಹ್ಮದ್ (1960–2012): ಪ್ಯಾಲೆಸ್ಟೀನಿನ ಹಮಾಸ್ ಸಂಘಟನೆಯ ಸೇನಾ ವಿಭಾಗವಾದ ಇಜ್ಜುದ್ದೀನ್ ಅಲ್-ಕಸ್ಸಾಂ ಪಡೆಯ ದಂಡನಾಯಕ. ಗಾಜಾ ನಗರದ ಪೂರ್ವಕ್ಕಿರುವ ಶುಜಾಯಿಯಾದಲ್ಲಿ ಜನನ. ಮೊದಲು ಫತಾ ಸಂಘಟನೆಯಲ್ಲಿದ್ದ. 1982ರಲ್ಲಿ ಇಸ್ರೇಲಿ ಸೆರೆಮನೆ ಸೇರಿ ಸುಮಾರು 13 ವರ್ಷ ಕಳೆದ. ಹಮಾಸ್ ನಾಯಕರ ಒಡನಾಟ ಬೆಳೆದು ನಿಷ್ಠೆ ಬದಲಾದದ್ದು ಅಲ್ಲಿಯೇ. 2004ರಲ್ಲಿ ಅವನ ಮನೆಯ ಮೇಲೆ ನಡೆದ ಇಸ್ರೇಲಿ ವಾಯುದಾಳಿಯಲ್ಲಿ ಹಿರಿಯ ಮಗನೂ ಕೆಲವು ಬಂಧುಗಳೂ ಸತ್ತರು; ಅವನು ಬದುಕುಳಿದ.

ಪಡೆಯ ಮುಖ್ಯಸ್ಥ ಮೊಹಮ್ಮದ್ ದೈಫ್ 2006ರಲ್ಲಿ ತೀವ್ರವಾಗಿ ಗಾಯಗೊಂಡ ಬಳಿಕ ದಿನನಿತ್ಯದ ನಾಯಕತ್ವ ಜಬರಿಯ ಕೈಗೆ ಬಂತು. ಚದುರಿದ ಗುಂಪುಗಳನ್ನು ಶ್ರೇಣೀಬದ್ಧ ಸೈನ್ಯದ ಸ್ವರೂಪಕ್ಕೆ ತಂದದ್ದರಲ್ಲಿ ಅವನ ಪಾತ್ರ ದೊಡ್ಡದು. 2007ರಲ್ಲಿ ಫತಾವನ್ನು ಹೊರದೂಡಿ ಹಮಾಸ್ ಗಾಜಾವನ್ನು ವಶಪಡಿಸಿಕೊಂಡಾಗ ಪ್ರಮುಖನಾಗಿದ್ದ. 2006ರ ಜೂನ್‌ನಲ್ಲಿ ಸೆರೆಸಿಕ್ಕ ಇಸ್ರೇಲಿ ಯೋಧ ಗಿಲಾದ್ ಶಾಲಿತ್‌ನನ್ನು ಐದು ವರ್ಷಕ್ಕೂ ಮಿಕ್ಕಿ ಗುಪ್ತಸ್ಥಳದಲ್ಲಿ ಇರಿಸಿಕೊಂಡು, 2011ರ ಅಕ್ಟೋಬರ್‌ನಲ್ಲಿ 1,027 ಕೈದಿಗಳ ಬಿಡುಗಡೆಗೆ ಪ್ರತಿಯಾಗಿ ಒಪ್ಪಿಸಲಾಯಿತು. ಹಸ್ತಾಂತರದ ದಿನ, ತೆರೆಮರೆಯಲ್ಲೇ ಇರುತ್ತಿದ್ದ ಜಬರಿ ಯೋಧನ ಪಕ್ಕದಲ್ಲಿ ಕಾಣಿಸಿಕೊಂಡ.

2012ರ ನವೆಂಬರ್ 14ರಂದು ಗಾಜಾ ನಗರದಲ್ಲಿ ಕಾರಿನಲ್ಲಿ ಸಾಗುತ್ತಿದ್ದಾಗ ಇಸ್ರೇಲಿ ವಾಯುದಾಳಿಯಲ್ಲಿ ಹತನಾದ. ದಾಳಿಯ ದೃಶ್ಯವನ್ನು ಇಸ್ರೇಲಿ ಸೇನೆಯೇ ಪ್ರಕಟಿಸಿತು. ಈ ಹತ್ಯೆಯೊಂದಿಗೆ ಆರಂಭವಾದ ಎಂಟು ದಿನಗಳ ಕಾಳಗದಲ್ಲಿ 160ಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು, ಆರು ಮಂದಿ ಇಸ್ರೇಲಿಗಳು ಸತ್ತರು. ಹಮಾಸ್‌ನ ರಾಕೆಟ್‌ಗಳು ಟೆಲ್ ಅವೀವ್ ಪ್ರದೇಶದವರೆಗೆ ಹಾರಿದವು. ದೀರ್ಘಾವಧಿ ಕದನವಿರಾಮದ ಕರಡೊಂದು ಸಾವಿಗೆ ಸ್ವಲ್ಪ ಮುನ್ನ ಅವನಿಗೆ ತಲುಪಿತ್ತೆಂದು ಸಂಧಾನದಲ್ಲಿದ್ದ ಇಸ್ರೇಲಿ ಶಾಂತಿ ಕಾರ್ಯಕರ್ತ ಗೆರ್ಶೋನ್ ಬಾಸ್ಕಿನ್ ಬಹಿರಂಗಪಡಿಸಿದ. ಹತ್ಯೆಯ ಸಮಯದ ಬಗೆಗಿನ ಚರ್ಚೆಗೆ ಇದೇ ಮುಖ್ಯ ಆಧಾರ. ಈಜಿಪ್ಟಿನ ಮಧ್ಯಸ್ಥಿಕೆಯಲ್ಲಿ ನವೆಂಬರ್ 21ರಂದು ಕದನವಿರಾಮ ಜಾರಿಯಾಯಿತು.